ಎರವಿನ ಹೆಸರು, ಎರವಿನ ಕೈ

ಕಾಲೇಜಿನಲ್ಲಿ 'ಕವಿರಾಜಮಾರ್ಗ'ದ ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಇದನ್ನು ಬರೆದವರು ಯಾರು? ಒಂಬತ್ತನೆಯ ಶತಮಾನದ ಈ ಗ್ರಂಥ 1898ರಲ್ಲಿ ಅಚ್ಚಾಗಿ ಹೊರಬಂದಾಗ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಹೆಸರಿನಲ್ಲಿಯೇ ಬಂತು. ಆಮೇಲೆ ವಿದ್ವಾಂಸರು ವರ್ಷಗಟ್ಟಲೆ ವಾದಿಸಿದರು. ಬರೆದ ಕೈ ಶ್ರೀವಿಜಯನದು, ಅದರ ಮೇಲೆ ಬಿದ್ದ ಒಪ್ಪಿಗೆಯ ಮುದ್ರೆ ನೃಪತುಂಗನದು ಎಂಬುದು ಈಗ ಬಹುಮಂದಿ ಒಪ್ಪುವ ಮಾತು. ಕಳೆದ ವರ್ಷ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಹಾಗಾದರೆ ಇದು ಬಲೆನೊ–ಗ್ಲಾಂಜಾ ಕಥೆ” ಎಂದ. ತರಗತಿಯೆಲ್ಲ ನಕ್ಕಿತು. ನಗಲಾರದೆ ಉಳಿದವನು ನಾನೊಬ್ಬನೇ. ಏಕೆಂದರೆ ನನಗೆ ಆ ಮಾತು ಅರ್ಥವಾಗಿರಲಿಲ್ಲ.

ಪಾಠ ಮುಗಿದ ಮೇಲೆ ಅವನನ್ನು ಕರೆದು ಕೇಳಿದೆ. ಅವನ ಸೋದರಮಾವನದು ಗ್ಯಾರೇಜು. “ಬಲೆನೊ ಸುಜುಕಿಯವರದು ಸರ್. ಅದನ್ನೇ 2019ರಿಂದ ಟೊಯೋಟಾದವರು ಗ್ಲಾಂಜಾ ಅಂತ ಮಾರ್ತಾರೆ. ಮುಂದಿನ ಜಾಲರಿ ಬೇರೆ, ಅದರ ಮೇಲಿನ ಲಾಂಛನ ಬೇರೆ. ಬಾನೆಟ್ಟು ಎತ್ತಿದರೆ ಒಳಗೆ ಒಂದೇ. ನಮ್ಮ ಮಾವ ಎರಡಕ್ಕೂ ಒಂದೇ ಫಿಲ್ಟರು ಹಾಕ್ತಾರೆ” ಎಂದ. ಹುಡುಗನ ಹೋಲಿಕೆ ಪೂರ್ತಿ ಸರಿಯಲ್ಲ. ನೃಪತುಂಗ ಶ್ರೀವಿಜಯನ ಗ್ರಂಥವನ್ನು ಅಂಗಡಿಯಲ್ಲಿಟ್ಟು ಮಾರಿದವನಲ್ಲ. ಆದರೂ ಎರಡರ ಹಿಂದಿರುವ ಪ್ರಶ್ನೆ ಒಂದೇ. ಮಾಡಿದ ಕೈ ಒಬ್ಬರದಾಗಿ ಮೇಲಿನ ಹೆಸರು ಇನ್ನೊಬ್ಬರದಾದಾಗ, ಕಾಲ ಕಳೆದ ಮೇಲೆ ಯಾರಿಗೆ ಏನು ಉಳಿಯುತ್ತದೆ?

ಮೋಟಾರು ವಿದ್ಯೆ ನನಗೆ ತಿಳಿಯದು. ಆದರೆ ಆ ಪ್ರಶ್ನೆ ಬಿಡಲಿಲ್ಲವಾಗಿ ಅದರ ಬೆನ್ನು ಹತ್ತಿ ಕೆಲವು ತಿಂಗಳು ಓದಿದೆ. ಹೀಗೆ ಓದುತ್ತ ಹೋದಾಗ ತಿಳಿದದ್ದು, ಎರವಿನ ಹೆಸರಿನ ಈ ವ್ಯಾಪಾರ ಕಾರುಗಳಿಗಿಂತಲೂ ಹೆಚ್ಚು ವಿಚಿತ್ರವಾಗಿ ನಡೆದದ್ದು ಪಿಕಪ್ ಬಂಡಿಗಳಲ್ಲಿ ಎಂಬುದು. ಪಿಕಪ್ ಎಂದರೆ ನಮ್ಮ ಊರುಗಳಲ್ಲಿ ತರಕಾರಿ, ಸಿಮೆಂಟು, ಮದುವೆ ಮನೆಯ ಶಾಮಿಯಾನ ಹೊತ್ತು ಓಡುವ ಬಂಡಿ: ಮುಂದೆ ಚಾಲಕ ಕೂರುವ ಕೋಣೆ, ಹಿಂದೆ ತೆರೆದ ಬಾಡಿ. ಅಮೆರಿಕಾ ದೇಶದಲ್ಲಿ ಇದು ರೈತನ, ಬಡಗಿಯ, ಗಾರೆಯವನ ಸಂಗಾತಿ. ಆ ದೇಶದಲ್ಲಿ 1970ರ ದಶಕದಲ್ಲಿ ಫೋರ್ಡ್ ಎಂಬ ಹೆಸರು ಹೊತ್ತು ಓಡಿದ ಚಿಕ್ಕ ಪಿಕಪ್ಪು ಹಿರೋಶಿಮಾದಲ್ಲಿ ಹುಟ್ಟಿದ್ದು ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಅದಕ್ಕೂ ಹೆಚ್ಚಿನ ಆಶ್ಚರ್ಯವೆಂದರೆ, ಇಪ್ಪತ್ತು ಚಿಲ್ಲರೆ ವರ್ಷ ಕಳೆಯುವಷ್ಟರಲ್ಲಿ ಹಿರೋಶಿಮಾದ ಹೆಸರು ಹೊತ್ತ ಪಿಕಪ್ಪು ಅಮೆರಿಕಾದ ಫೋರ್ಡ್ ಕಾರಖಾನೆಯಲ್ಲಿ ಹುಟ್ಟತೊಡಗಿತು.

ಈ ಕಥೆಯ ಮೊದಲಿಗೆ ಬರುವುದು ಮೋಟಾರಲ್ಲ, ಕೋಳಿ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಾದ ಕೋಳಿ ಸಾಕಣೆ ದೊಡ್ಡ ಉದ್ಯಮವಾಗಿ ಬೆಳೆದು, ಅಗ್ಗದ ಕೋಳಿಮಾಂಸ ಯುರೋಪಿನ ಪೇಟೆಗೆ ನುಗ್ಗಿತು. ಪಶ್ಚಿಮ ಜರ್ಮನಿ, ಫ್ರಾನ್ಸುಗಳ ರೈತರು ಗೋಳಾಡಿದರು. ಯುರೋಪಿನ ಆರ್ಥಿಕ ಸಮುದಾಯ 1962ರಲ್ಲಿ ಹೊರಗಿನಿಂದ ಬರುವ ಕೋಳಿಯ ಮೇಲೆ ಸುಂಕ ಏರಿಸಿತು. ಸಂಧಾನಗಳು ಫಲಿಸಲಿಲ್ಲ. ಕೊನೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಎದುರೇಟು ಕೊಟ್ಟರು. ಆಲೂಗಡ್ಡೆಯ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ, ಹಗುರ ಟ್ರಕ್ಕು ಈ ನಾಲ್ಕು ಸರಕುಗಳ ಮೇಲೆ ವಿಧಿಸಿದ ಸುಂಕ 1964ರ ಜನವರಿಯಿಂದ ಜಾರಿಗೆ ಬಂತು. ಟ್ರಕ್ಕುಗಳ ಮೇಲೆ ಬಿದ್ದದ್ದು ನೂರಕ್ಕೆ ಇಪ್ಪತ್ತೈದು. ಗುರಿ ಇಟ್ಟದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯ ಸಣ್ಣ ಸಾಗಣೆ ಬಂಡಿಗಳಿಗೆ. ಉಳಿದ ಮೂರು ಸರಕುಗಳ ಸುಂಕ ಮುಂದೆ ಇಳಿಯಿತು. ಕೋಳಿಜಗಳವನ್ನು ಜನ ಮರೆತರು. ಟ್ರಕ್ಕಿನ ಸುಂಕ ಮಾತ್ರ ಅರ್ಧ ಶತಮಾನಕ್ಕೂ ಮೀರಿ ಬದುಕಿತು. ಜರ್ಮನಿಯ ಮೇಲೆ ಎಸೆದ ಕಲ್ಲು ಜಪಾನಿಗೆ ತಗುಲಿದ್ದು ಹೀಗೆ.

ಜಪಾನಿನ ಬಂಡಿಗಳು ಅಮೆರಿಕಾಕ್ಕೆ ಆಗ ಬರುತ್ತಿದ್ದವೇ? ಬರುತ್ತಿದ್ದವು. ದಟ್ಸನ್ ಮತ್ತು ಟೊಯೋಟಾ ತಮ್ಮ ತಮ್ಮ ಹೆಸರಿನಲ್ಲಿಯೇ ಚಿಕ್ಕ ಪಿಕಪ್ಪುಗಳನ್ನು ತಂದು, ನಷ್ಟಕಷ್ಟಗಳನ್ನು ತಾವೇ ಅನುಭವಿಸಿ ನಿಧಾನವಾಗಿ ಗಿರಾಕಿಗಳನ್ನು ಸಂಪಾದಿಸುತ್ತಿದ್ದವು. ಅಮೆರಿಕಾದ ದೊಡ್ಡ ಕಂಪೆನಿಗಳ ಬಳಿ ಅಷ್ಟು ಚಿಕ್ಕ ಪಿಕಪ್ಪು ಇರಲಿಲ್ಲ. ಅವರು ಮಾಡುತ್ತಿದ್ದದ್ದು ಆನೆಗಾತ್ರದ ಬಂಡಿಗಳು. ಚಿಕ್ಕದಕ್ಕೆ ಬೇಡಿಕೆ ಏರತೊಡಗಿದಾಗ ಹೊಸದೊಂದನ್ನು ತಾವೇ ರೂಪಿಸಲು ವರ್ಷಗಳೂ ಅಪಾರ ಹಣವೂ ಬೇಕು. ಜಪಾನಿನಲ್ಲಿ ಸಿದ್ಧವಾದ ಬಂಡಿಯಿತ್ತು, ಅಮೆರಿಕಾದಲ್ಲಿ ಸಿದ್ಧವಾದ ಹೆಸರೂ ಊರೂರಿಗೆ ಅಂಗಡಿಯೂ ಇದ್ದವು. ಇಬ್ಬರೂ ಕೈಕುಲುಕಿದರು.

ಆ ಜಪಾನಿ ಕೈ ಯಾರದು ಎಂಬುದನ್ನು ಇಲ್ಲಿ ಕೊಂಚ ನಿಂತು ನೋಡಬೇಕು. ಹಿರೋಶಿಮಾದಲ್ಲಿ 'ತೋಯೋ ಕೋಗ್ಯೋ' ಎಂಬ ಕಂಪೆನಿಯಿತ್ತು. ಬೆಂಡಿನ ಕೆಲಸದಿಂದ ಬೆಳೆದು ಯಂತ್ರದ ಕೆಲಸಕ್ಕೆ ಬಂದದ್ದು ಅದು. 1931ರಲ್ಲಿ ಅದು ಮೂರು ಚಕ್ರದ ಸರಕು ಬಂಡಿಯೊಂದನ್ನು ತಯಾರಿಸಿ 'ಮಾಜ್ದಾ' ಎಂದು ಹೆಸರಿಟ್ಟಿತು. ಕಂಪೆನಿಯನ್ನು ಬೆಳೆಸಿದ ಜೂಜಿರೋ ಮತ್ಸುದಾ ಅವರ ಮನೆತನದ ಹೆಸರಿನ ದನಿಯೂ, ಪಾರಸಿಕರ ಪರದೈವ ಅಹುರ ಮಜ್ದನ ನೆನಪೂ ಅದರಲ್ಲಿ ಸೇರಿವೆ. ಆ ಅಹುರನೂ ನಮ್ಮ ಋಗ್ವೇದದ ಅಸುರನೂ ಒಂದೇ ಮೂಲದ ಮಾತು ಎಂಬುದು ಭಾಷಾಶಾಸ್ತ್ರ ಓದಿದವರಿಗೆ ಗೊತ್ತು. ಒಂದೇ ಹೆಸರು ಆ ಕಡೆ ದೇವರಾಯಿತು, ಈ ಕಡೆ ರಾಕ್ಷಸನಾಯಿತು! ಇದು ಹಾಗಿರಲಿ. ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಬೇರೆಯಿದೆ. ಆ ಮೊದಲ ಬಂಡಿಯನ್ನು ಮಾರಲು ತೋಯೋ ಕೋಗ್ಯೋ ಬಳಿ ಅಂಗಡಿಗಳಿರಲಿಲ್ಲ. ಮಾರಾಟವನ್ನು ವಹಿಸಿಕೊಂಡದ್ದು ಮಿತ್ಸುಬಿಷಿಯ ವರ್ತಕ ಸಂಸ್ಥೆ. ಹಾಗಾಗಿ ಬಂಡಿಯ ಪೆಟ್ರೋಲು ತೊಟ್ಟಿಯ ಮೇಲೆ ಮಾಜ್ದಾ ಎಂಬ ಹೆಸರಿನ ಜೊತೆಗೆ ಮಿತ್ಸುಬಿಷಿಯ ಮೂರು ವಜ್ರಗಳ ಗುರುತೂ ಇತ್ತು. ಹುಟ್ಟಿದಂದಿನಿಂದಲೇ ಇನ್ನೊಬ್ಬರ ಮುದ್ರೆಯ ನೆರಳಿನಲ್ಲಿ ನಡೆದು ಕಲಿತ ಮನೆತನ ಇದು.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿತ್ತು. ಊರಿನ ಹೊರಗಿದ್ದ ಈ ಕಾರಖಾನೆಗೂ ಊರಿಗೂ ನಡುವೆ ಹಿಜಿಯಾಮಾ ಎಂಬ ಸಣ್ಣ ಗುಡ್ಡವಿತ್ತು. ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಬೂದಿಯಾದ ಊರಿನಲ್ಲಿ ಸರ್ಕಾರಿ ಕಚೇರಿಗಳಿಗೇ ಜಾಗವಿಲ್ಲದೆ ಅವು ಬಂದು ಈ ಕಾರಖಾನೆಯ ಕಟ್ಟಡದಲ್ಲಿ ನೆಲೆ ನಿಂತವು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಮೂರು ಚಕ್ರದ ಬಂಡಿ ಮತ್ತೆ ತಯಾರಾಗತೊಡಗಿತು. ನಾಶವಾದ ಊರನ್ನು ಎತ್ತಿ ಕಟ್ಟಲು ಮೊದಲು ಬೇಕಾದದ್ದು ಸಾಮಾನು ಸಾಗಿಸುವ ಬಂಡಿಯಲ್ಲವೆ? ಅಂಥ ಕೈಗಳು ತಯಾರಿಸಿದ ಪಿಕಪ್ಪು, ಬಾಂಬು ಬಿದ್ದು ಮೂವತ್ತು ವರ್ಷ ತುಂಬುವ ಮೊದಲೇ, ಬಾಂಬು ಹಾಕಿದ ದೇಶದ ಅತಿ ಪರಿಚಿತವಾದ ಹೆಸರನ್ನು ಹೊತ್ತು ಆ ದೇಶದ ರಸ್ತೆಗಿಳಿಯಿತು. ಚರಿತ್ರೆಯಲ್ಲಿ ಇಂಥ ತಿರುವುಗಳನ್ನು ಕಂಡಾಗ ಯಾರನ್ನು ಹೊಗಳಬೇಕು, ಯಾರನ್ನು ತೆಗಳಬೇಕು ತಿಳಿಯುವುದಿಲ್ಲ.

ಅದರ ಹೆಸರು 'ಫೋರ್ಡ್ ಕೊರಿಯರ್'. 1972ರ ಮಾದರಿಯಾಗಿ ಅದು ಅಮೆರಿಕಾದ ಪೇಟೆಗೆ ಬಂತು. ಮಾಜ್ದಾದ ಸುಮಾರು 1,800 ಘನ ಸೆಂಟಿಮೀಟರಿನ ಎಂಜಿನು, ಮಾಜ್ದಾದ ಗೇರು, ಮಾಜ್ದಾದ ಚೌಕಟ್ಟು. ಮುಖವನ್ನಷ್ಟೇ ಫೋರ್ಡಿನ ದೊಡ್ಡ ಪಿಕಪ್ಪುಗಳನ್ನು ಹೋಲುವಂತೆ ತಿದ್ದಿದ್ದರು: ಮಾಜ್ದಾದಲ್ಲಿ ಒಂದೊಂದು ಕಡೆಗೂ ಎರಡೆರಡು ಚಿಕ್ಕ ದೀಪಗಳಿದ್ದರೆ ಇದಕ್ಕೆ ಒಂದೊಂದೇ ದೊಡ್ಡ ದೀಪ, ಜಾಲರಿ ಬೇರೆ, ಹಿಂಬಾಗಿಲಿನ ಮೇಲೆ ಫೋರ್ಡ್ ಎಂಬ ಅಕ್ಷರಗಳು. ಹಳ್ಳಿಯ ಅಮೆರಿಕನ್ ರೈತ ತನ್ನ ಊರಿನ ಫೋರ್ಡ್ ಅಂಗಡಿಗೆ ಹೋಗಿ, ತನ್ನ ತಂದೆಯ ಕಾಲದಿಂದ ನಂಬಿದ ಹೆಸರನ್ನು ನೋಡಿ ಕೊಂಡ. ಮಾಜ್ದಾ ಎಂಬ ಹೆಸರು ಅಮೆರಿಕಾದ ಪೇಟೆಗೆ ಕಾಲಿಟ್ಟದ್ದೇ 1970ರಲ್ಲಿ. ಹೊಸಬನ ಹೆಸರಿಗೆ ಅಷ್ಟು ಬೇಗ ಯಾರು ಬಾಗಿಲು ತೆರೆಯುತ್ತಾರೆ?

ಅದೇ ಹೊತ್ತಿನಲ್ಲಿ ಜನರಲ್ ಮೋಟಾರ್ಸ್ ಕೂಡ ಇದೇ ದಾರಿ ಹಿಡಿಯಿತು. ಅದು 1971ರಲ್ಲಿ ಜಪಾನಿನ ಇಸುಜು ಕಂಪೆನಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಪಾಲು ಕೊಂಡಿತ್ತು. ಇಸುಜು ಎಂಬುದು ಇಸೆಯ ಪುಣ್ಯಕ್ಷೇತ್ರದಲ್ಲಿ ಹರಿಯುವ ನದಿಯ ಹೆಸರು. ಆ ಕಂಪೆನಿಯ 'ಫಾಸ್ಟರ್' ಎಂಬ ಪಿಕಪ್ಪು ಅಮೆರಿಕಾಕ್ಕೆ ಬರುವಾಗ 'ಷೆವರ್ಲೆ ಲವ್' ಆಯಿತು. 'ಹಗುರ ಉಪಯೋಗದ ವಾಹನ' ಎಂಬ ಅರ್ಥದ ಮೂರು ಇಂಗ್ಲಿಷ್ ಮಾತುಗಳ ಮೊದಲಕ್ಷರ ಸೇರಿಸಿದ್ದು ಅದು. ಕಿವಿಗೆ ಮಾತ್ರ ಪ್ರೀತಿ ಎಂದು ಕೇಳಿಸುತ್ತದೆ. ತೀರ್ಥದ ಹೆಸರು ಅಳಿಸಿ ಪ್ರೇಮದ ಹೆಸರು ಅಂಟಿಸಿದ್ದಾಯಿತು. ಮೂರನೆಯ ದೊಡ್ಡ ಕಂಪೆನಿ ಕ್ರೈಸ್ಲರ್ 1971ರಲ್ಲಿಯೇ ಮಿತ್ಸುಬಿಷಿಯಲ್ಲಿ ಪಾಲುದಾರನಾಗಿತ್ತು. ಅದರ ಪಿಕಪ್ಪು 1979ರ ಮಾದರಿಯಾಗಿ ಬಂದಾಗ ಒಂದೇ ಬಂಡಿಗೆ ಎರಡು ಹೆಸರಿಟ್ಟರು: ಡಾಡ್ಜ್ ಅಂಗಡಿಯಲ್ಲಿ ಒಂದು, ಪ್ಲಿಮತ್ ಅಂಗಡಿಯಲ್ಲಿ ಇನ್ನೊಂದು.

ಹಾಗಾದರೆ ಆ ನೂರಕ್ಕೆ ಇಪ್ಪತ್ತೈದರ ಸುಂಕ ಏನಾಯಿತು? ಸುಂಕದಕಟ್ಟೆ ಇದ್ದಲ್ಲಿ ಸುತ್ತುದಾರಿಯೂ ಇರುತ್ತದೆ. ಕಾನೂನಿನ ಪ್ರಕಾರ ಹಿಂದಿನ ಬಾಡಿ ಇದ್ದರೆ ಅದು ಟ್ರಕ್ಕು. ಬಾಡಿ ಇಲ್ಲದೆ ಬರೀ ಕೋಣೆ, ಚೌಕಟ್ಟು, ಚಕ್ರ ಬಂದರೆ ಸುಂಕ ನೂರಕ್ಕೆ ನಾಲ್ಕು ಮಾತ್ರ. ಆದ್ದರಿಂದ ಕೊರಿಯರ್, ಲವ್ ಬಂಡಿಗಳು ಹಡಗಿನಿಂದ ಬೆನ್ನಿಲ್ಲದೆ ಇಳಿಯುತ್ತಿದ್ದವು. ಅಮೆರಿಕಾದ ನೆಲದ ಮೇಲೆ ಅವಕ್ಕೆ ಬಾಡಿ ಕೂರಿಸಿ ಮಾರಾಟಕ್ಕೆ ಕಳಿಸುತ್ತಿದ್ದರು. ಟೊಯೋಟಾ ಕೂಡ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಬಾಡಿ ತಯಾರಿಸುವ ಕೆಲಸ ಹೂಡಿತು. ನಮ್ಮಲ್ಲಿ ಲಾರಿಗಳ ಚೌಕಟ್ಟು ಒಂದು ಕಡೆ ಹುಟ್ಟಿ ಬಾಡಿ ಇನ್ನೊಂದು ಕಡೆ ಕಟ್ಟುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅಲ್ಲಿ ಮಾತ್ರ ಅದು ಕಸುಬಿನ ಅನುಕೂಲಕ್ಕಲ್ಲ, ಕಾನೂನಿನ ಕಣ್ಣು ತಪ್ಪಿಸಲಿಕ್ಕೆ. 1973ರ ಅಕ್ಟೋಬರಿನಲ್ಲಿ ಎಣ್ಣೆಯ ಬಿಕ್ಕಟ್ಟು ತಲೆದೋರಿ ಪೆಟ್ರೋಲಿಗಾಗಿ ಸಾಲು ನಿಲ್ಲುವ ಕಾಲ ಬಂದಾಗ ಈ ಚಿಕ್ಕ ಬಂಡಿಗಳ ಭಾಗ್ಯ ತೆರೆಯಿತು. ಕೊನೆಗೆ 1980ರಲ್ಲಿ ಸುಂಕದ ಅಧಿಕಾರಿಗಳು ಬೆನ್ನಿಲ್ಲದ ಬಂಡಿಯೂ ಬಂಡಿಯೇ ಎಂದು ತೀರ್ಮಾನಿಸಿ ಪೂರ್ತಿ ಸುಂಕ ಹೇರಿದರು. ಸುತ್ತುದಾರಿ ಮುಚ್ಚಿತು.

ಇಲ್ಲಿಯವರೆಗಿನ ಕಥೆಯನ್ನು ಓದಿದವರು, ಅಮೆರಿಕಾದ ಕಂಪೆನಿಗಳು ಅನ್ಯರ ಕೆಲಸಕ್ಕೆ ತಮ್ಮ ಹೆಸರು ಹಚ್ಚಿ ಮೋಸ ಮಾಡಿದವು ಎನ್ನಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಮುಂದೆ ನಡೆದದ್ದನ್ನು ನೋಡಿದರೆ ಆ ಮಾತು ಅವಸರದ್ದೆನಿಸುತ್ತದೆ. ಎರವು ತಂದವರು ಆ ಹತ್ತು ವರ್ಷ ಸುಮ್ಮನೆ ಕುಳಿತಿರಲಿಲ್ಲ. ಚಿಕ್ಕ ಪಿಕಪ್ಪನ್ನು ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ, ಯಾವುದು ಮುರಿಯುತ್ತದೆ, ಯಾವುದು ಸಾಲದು ಎಂಬುದನ್ನು ಪರರ ಬಂಡಿಯನ್ನು ಮಾರುತ್ತಲೇ ಕಲಿತರು. ಷೆವರ್ಲೆ 1982ರ ಮಾದರಿಯಾಗಿ 'ಎಸ್–10' ಎಂಬ ತನ್ನದೇ ಚಿಕ್ಕ ಪಿಕಪ್ಪನ್ನು ಹೊರತಂದಿತು. ಫೋರ್ಡ್ 1982ರಲ್ಲಿ ಕೆಂಟಕಿಯ ಲೂಯಿವಿಲ್ ಕಾರಖಾನೆಯಿಂದ 'ರೇಂಜರ್' ಅನ್ನು ಹೊರತಂದಿತು. ಕೊರಿಯರ್, ಲವ್ ಎರಡೂ ಅಮೆರಿಕಾದ ಪೇಟೆಯಿಂದ ಮರೆಯಾದವು. ಎರವು ತಂದದ್ದನ್ನು ಹಿಂದಕ್ಕೆ ಕೊಟ್ಟು ಸ್ವಂತದ ಪಾತ್ರೆಯಲ್ಲಿ ಅಡಿಗೆ ಮಾಡಿದಂತಾಯಿತು.

ಜಪಾನಿನ ಕಡೆಯವರಿಗಾದರೂ ನಷ್ಟವಾಯಿತೆ? ಇಲ್ಲ. ಅವರು ಕೊಟ್ಟದ್ದು ಬಂಡಿಯನ್ನು. ಕೈಕಸುಬು ಅವರ ಬಳಿಯೇ ಇತ್ತು. ಹೆಸರಿಲ್ಲದೆ ಮಾಡಿದ ಕೆಲಸದಿಂದ ಅವರ ಕಾರಖಾನೆಗಳು ಬೆಳೆದವು, ದೂರದ ಪೇಟೆಯ ರೀತಿ ತಿಳಿಯಿತು. ತೋಯೋ ಕೋಗ್ಯೋ ಇನ್ನೊಬ್ಬರಿಗೆ ಕೊರಿಯರ್ ಮಾಡಿಕೊಡುತ್ತಿದ್ದಾಗಲೇ, 1974ರಲ್ಲಿ, ತಾನು ಮಾತ್ರ ಮಾಡಬಲ್ಲ ವಸ್ತುವೊಂದನ್ನು ತನ್ನ ಹೆಸರಿನಲ್ಲಿ ಅಮೆರಿಕಾದ ಪೇಟೆಗೆ ತಂದಿತು: ಸುತ್ತುವ ರೋಟರಿ ಎಂಜಿನಿನ ಪಿಕಪ್ಪು. ಬಹಳ ಪೆಟ್ರೋಲು ಕುಡಿಯುತ್ತಿದ್ದುದರಿಂದ ಅದು 1977ಕ್ಕೆ ನಿಂತಿತು. ಆದರೂ ಅದು ಈ ಕೈಗೆ ಸ್ವಂತ ಬುದ್ಧಿಯಿದೆ ಎಂದು ಸಾರಿದ ಬಂಡಿ. ಇಸುಜು 1981ರಲ್ಲಿ, ಮಿತ್ಸುಬಿಷಿ 1982ರಲ್ಲಿ ಅದೇ ಪಿಕಪ್ಪುಗಳನ್ನು ಸ್ವಂತ ಹೆಸರಿನಲ್ಲಿ ಅಮೆರಿಕಾದಲ್ಲಿ ಮಾರತೊಡಗಿದವು. ತೋಯೋ ಕೋಗ್ಯೋ 1984ರಲ್ಲಿ ತನ್ನ ಕಂಪೆನಿಯ ಹೆಸರನ್ನೇ 'ಮಾಜ್ದಾ' ಎಂದು ಬದಲಿಸಿಕೊಂಡಿತು. ಇಷ್ಟು ವರ್ಷ ಬೇರೊಬ್ಬರ ಮುದ್ರೆ ಹೊತ್ತವರು ಈಗ ತಲೆಯೆತ್ತಿ ತಮ್ಮ ಹೆಸರು ಹೇಳುವಂತಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಪಠ್ಯಪುಸ್ತಕದ ನೀತಿಪಾಠವಾಗುತ್ತಿತ್ತು. ಮುಗಿಯಲಿಲ್ಲ. 1990ರ ದಶಕದಲ್ಲಿ ಚಕ್ರ ತಿರುಗಿತು. ಜಪಾನಿನಲ್ಲಿ ಏರಿದ್ದ ಹಣದ ಗುಳ್ಳೆ ಒಡೆಯಿತು. ಯೆನ್ನಿನ ಬೆಲೆ ಏರಿ, ಜಪಾನಿನಲ್ಲಿ ಮಾಡಿದ ಬಂಡಿ ಹೊರದೇಶಗಳಲ್ಲಿ ತುಟ್ಟಿಯಾಯಿತು. ಅದರ ಮೇಲೆ ಅಮೆರಿಕಾದಲ್ಲಿ ಆ ಹಳೆಯ ಕೋಳಿಸುಂಕ. ಮಾಜ್ದಾದಲ್ಲಿ ಫೋರ್ಡ್ 1979ರಿಂದಲೇ ನಾಲ್ಕನೆಯ ಒಂದು ಪಾಲು ಹೊಂದಿತ್ತು. 1994ರ ಮಾದರಿಯಿಂದ ಅಮೆರಿಕಾದಲ್ಲಿ ಮಾರುವ ಮಾಜ್ದಾ ಪಿಕಪ್ಪು ಎಂದರೆ ಜಾಲರಿ, ಮುಂದಿನ ತಗಡು, ಲಾಂಛನ ಬದಲಿಸಿದ ಫೋರ್ಡ್ ರೇಂಜರ್ ಎಂದೇ ಅರ್ಥವಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟವನು ಈಗ ಬೇಡುವವನಾದ. 1996ರಲ್ಲಿ ಫೋರ್ಡ್ ತನ್ನ ಪಾಲನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿಕೊಂಡು, ತನ್ನ ಅಧಿಕಾರಿ ಹೆನ್ರಿ ವ್ಯಾಲೇಸ್ ಅವರನ್ನು ಹಿರೋಶಿಮಾದ ಕಂಪೆನಿಗೆ ಅಧ್ಯಕ್ಷರನ್ನಾಗಿ ಕಳಿಸಿತು. ಜಪಾನಿನ ದೊಡ್ಡ ಮೋಟಾರು ಕಂಪೆನಿಯೊಂದಕ್ಕೆ ಪರದೇಶದವರು ಮುಖ್ಯಸ್ಥರಾದದ್ದು ಅದೇ ಮೊದಲು. ಅದೇ ವರ್ಷದ ಮಾದರಿಯಾಗಿ ಇಸುಜು ಕೂಡ ತನ್ನ ಪಿಕಪ್ಪನ್ನು ಅಮೆರಿಕಾದಲ್ಲಿ ನಿಲ್ಲಿಸಿ, ಲೂಸಿಯಾನಾದಲ್ಲಿ ತಯಾರಾಗುತ್ತಿದ್ದ ಷೆವರ್ಲೆ ಎಸ್–10ಗೆ 'ಹೋಂಬ್ರೆ' ಎಂದು ಹೆಸರಿಟ್ಟು ಮಾರಿತು. ಸ್ಪ್ಯಾನಿಷ್ ಭಾಷೆಯಲ್ಲಿ ಹೋಂಬ್ರೆ ಎಂದರೆ ಗಂಡಸು. ಹೆಸರಿನಲ್ಲಿ ಪೌರುಷವಿತ್ತು, ಕೈಯಲ್ಲಿ ಇರಲಿಲ್ಲ.

ಎರಡೂ ಸಂದರ್ಭಗಳು ಮೇಲುನೋಟಕ್ಕೆ ಒಂದೇ. ಎರಡರಲ್ಲಿಯೂ ಒಂದು ಬಂಡಿ, ಎರಡು ಹೆಸರು. ಆದರೆ ಫಲ ಒಂದೇ ಆಗಲಿಲ್ಲ. ಫೋರ್ಡ್ ಎರವು ತಂದದ್ದು ಕಲಿಯುವವರೆಗೆ. ಮಾಜ್ದಾ, ಇಸುಜು ಅಮೆರಿಕಾದಲ್ಲಿ ಎರವು ತಂದದ್ದು ಖರ್ಚು ಉಳಿಸಿಕೊಂಡು ಹೇಗಾದರೂ ಅಂಗಡಿಯ ಬಾಗಿಲು ತೆರೆದಿಡಲಿಕ್ಕೆ. ಗಿರಾಕಿಗೆ ಇದು ತಿಳಿಯದೆ ಹೋಗಲಿಲ್ಲ. ರೇಂಜರನ್ನೇ ಕೊಳ್ಳುವುದಾದರೆ ಫೋರ್ಡ್ ಅಂಗಡಿಗೇ ಹೋಗಬಹುದಲ್ಲ! ಹೋಂಬ್ರೆ 2000ದಲ್ಲಿ ನಿಂತಿತು. 2009ರ ಜನವರಿಯ ಕೊನೆಗೆ ಇಸುಜು ಅಮೆರಿಕಾದಲ್ಲಿ ಇಂಥ ಖಾಸಗಿ ವಾಹನಗಳ ಮಾರಾಟವನ್ನೇ ನಿಲ್ಲಿಸಿತು. ಮಾಜ್ದಾದ ಪಿಕಪ್ಪು ಅಲ್ಲಿ ನಿಂತದ್ದೂ 2009ರ ಮಾದರಿಯೊಂದಿಗೇ. ಡಾಡ್ಜಿನ ಪಿಕಪ್ಪಿಗೆ ಮಿತ್ಸುಬಿಷಿಯೂ, ನಿಸ್ಸಾನಿನ ಪಿಕಪ್ಪಿಗೆ ಸುಜುಕಿಯೂ ಇದೇ ದಶಕದಲ್ಲಿ ತಮ್ಮ ಹೆಸರು ಅಂಟಿಸಿ ನೋಡಿದವು, ಎರಡೂ ನಿಲ್ಲಲಿಲ್ಲ. 2012ರಲ್ಲಿ ಸುಜುಕಿ ಅಮೆರಿಕಾದ ಕಾರು ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಸಾರಿತು. ಎರವಿನ ಬಂಡಿಯೇ ಇವರನ್ನು ಮುಳುಗಿಸಿತೆಂದು ಹೇಳಲಾಗದು, ಬೇರೆ ಕಾರಣಗಳೂ ಇದ್ದವು. ಅದು ಇವರನ್ನು ಉಳಿಸಲಿಲ್ಲ ಎಂಬುದು ಮಾತ್ರ ನಿಜ.

ಜರ್ಮನಿಯವರಿಗೂ ಇದೇ ಪಾಠ ದೊರೆಯಿತು. ಅಮೆರಿಕಾದ ಸುಂಕದ ಗುರಿಯಾಗಿದ್ದ ಫೋಕ್ಸ್‌ವ್ಯಾಗನ್ ಬಂಡಿಗಳು ತಯಾರಾಗುತ್ತಿದ್ದದ್ದು ಹಾನೋವರಿನ ಕಾರಖಾನೆಯಲ್ಲಿ. 1989ರಿಂದ ಅದೇ ಹಾನೋವರಿನಲ್ಲಿ ಟೊಯೋಟಾದ ಹೈಲಕ್ಸ್ ಪಿಕಪ್ಪನ್ನು ಜೋಡಿಸಿ 'ಫೋಕ್ಸ್‌ವ್ಯಾಗನ್ ಟಾರೊ' ಎಂದು ಮಾರಿದರು. ಹೆಚ್ಚು ಹೆಸರು ಮಾಡದೆ 1997ರಲ್ಲಿ ಅದು ಕಣ್ಮರೆಯಾಯಿತು. ಇನ್ನೂ ಈಚೆಗೆ, 2017ರಲ್ಲಿ, ಮರ್ಸಿಡಿಸ್–ಬೆಂಜ್ ಕಂಪೆನಿ ನಿಸ್ಸಾನಿನ ನವಾರಾ ಪಿಕಪ್ಪಿಗೆ ಬೇರೆ ಮೈ ತೊಡಿಸಿ, ಮೂರು ಮೊನೆಯ ನಕ್ಷತ್ರ ಇಟ್ಟು 'ಎಕ್ಸ್ ಕ್ಲಾಸ್' ಎಂದು ಕರೆಯಿತು. ಸ್ಪೇನಿನ ಬಾರ್ಸಿಲೋನಾದ ಒಂದೇ ಕಾರಖಾನೆಯಿಂದ ನಿಸ್ಸಾನ್, ರೆನೋ, ಮರ್ಸಿಡಿಸ್ ಎಂಬ ಮೂರು ಹೆಸರಿನ ಬಂಡಿಗಳು ಹೊರಟವು. ನಕ್ಷತ್ರಕ್ಕೆ ತೆರಬೇಕಾದ ಹೆಚ್ಚಿನ ಬೆಲೆಯನ್ನು ಕೊಳ್ಳುವವರು ಒಪ್ಪಲಿಲ್ಲ. ಮೂರೇ ವರ್ಷಕ್ಕೆ, 2020ರಲ್ಲಿ, ಅದು ನಿಂತಿತು. 2021ರ ಕೊನೆಗೆ ನಿಸ್ಸಾನ್ ಆ ಕಾರಖಾನೆಯನ್ನೇ ಮುಚ್ಚಿತು.

ಕಾರಖಾನೆ ಮುಚ್ಚುವುದು ಎಂದಾಗ ಮನಸ್ಸು ನಿಲ್ಲುವುದು ಇಲ್ಲಿಯೇ. ಅಮೆರಿಕಾದ ಮಿನೆಸೋಟಾ ಸಂಸ್ಥಾನದ ಸೇಂಟ್ ಪಾಲ್ ನಗರದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ, ಫೋರ್ಡಿನ ಹಳೆಯ ಕಾರಖಾನೆಯೊಂದಿತ್ತು. 1925ರಲ್ಲಿ ತೆರೆದದ್ದು. ರೇಂಜರ್ ಪಿಕಪ್ಪು ಅಲ್ಲಿ ತಯಾರಾಗುತ್ತಿತ್ತು. ಅದೇ ಕೈಗಳು ಮಾಜ್ದಾ ಹೆಸರಿನ ಬಂಡಿಯನ್ನೂ ಮಾಡುತ್ತಿದ್ದವು. ಒಂದೇ ಸಾಲಿನಲ್ಲಿ ನಿಂತು ಇದಕ್ಕೆ ಈ ಲಾಂಛನ, ಅದಕ್ಕೆ ಆ ಲಾಂಛನ ಎಂದು ಒತ್ತುತ್ತಿದ್ದ ಕೆಲಸಗಾರನಿಗೆ ಎರಡೂ ತನ್ನ ಬಂಡಿಗಳೇ. 2011ರ ಡಿಸೆಂಬರಿನಲ್ಲಿ ಆ ಕಾರಖಾನೆಯ ಬಾಗಿಲು ಮುಚ್ಚಿತು. ಯಾವ ಹೆಸರೂ ಅವನ ಸಹಾಯಕ್ಕೆ ಬರಲಿಲ್ಲ. ಹೆಸರಿಗೆ ಒಡೆಯರಿರುತ್ತಾರೆ, ಪಾಲುದಾರರಿರುತ್ತಾರೆ, ಕಾನೂನಿನ ರಕ್ಷಣೆಯಿರುತ್ತದೆ. ಕೈಯ ಕಸುಬಿಗೆ ಕಾರಖಾನೆಯೊಂದೇ ಆಶ್ರಯ.

ನಮ್ಮ ದೇಶದ ಮಾತಿಗೆ ಬರೋಣ. ಈ ಎರವಿನ ಕಥೆ ನಮಗೇನೂ ದೂರದ್ದಲ್ಲ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರಖಾನೆ ಹೂಡಬೇಕೆಂದು ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯುರೋಪು, ಅಮೆರಿಕಾಗಳನ್ನು ಸುತ್ತಿ ಬಂದರು. ಮೈಸೂರು ಸಂಸ್ಥಾನ ನೆರವಿಗೆ ಸಿದ್ಧವಿದ್ದರೂ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ; ಕಾರಖಾನೆ ನಮ್ಮ ನಾಡಿಗೆ ಬರಲಿಲ್ಲ. ಆ ಯೋಜನೆಯಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪೆನಿ ಸ್ಥಾಪಿಸಿ, ಕ್ರೈಸ್ಲರಿನ ಸಹಕಾರದಿಂದ ಲಾರಿಗಳನ್ನು ತಯಾರಿಸಿದರು. ಆ ಲಾರಿಗಳಿಗೆ ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಮೂರು ಹೆಸರು. ಮೂರೂ ಒಂದೇ ಲಾರಿ! ನಮ್ಮ ಹಿರಿಯರು “ಡಾಡ್ಜಿಗಿಂತ ಫಾರ್ಗೊ ವಾಸಿ” ಎಂದು ಪಂಥ ಕಟ್ಟಿ ವಾದಿಸಿದ್ದರೆ ಅದು ಹೆಸರಿನ ಮಹಿಮೆ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆಯಿದೆ. 1954ರಲ್ಲಿ ಟಾಟಾ ಕಂಪೆನಿ ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಲಾರಿಯ ಮುಂದೆ ಅದೇ ಮೂರು ಮೊನೆಯ ನಕ್ಷತ್ರ. ಒಪ್ಪಂದ ಮುಗಿದದ್ದು 1969ರಲ್ಲಿ. ನಕ್ಷತ್ರ ಇಳಿಯಿತು, ಆ ಜಾಗದಲ್ಲಿ ಟಾಟಾದ 'ಟಿ' ಅಕ್ಷರ ಕುಳಿತಿತು. ಲಾರಿ ನಿಲ್ಲಲಿಲ್ಲ. ಅಷ್ಟರಲ್ಲಿ ಜಮ್‌ಷೆಡ್‌ಪುರದ ಕೈಗಳು ಕಸುಬು ಕಲಿತಿದ್ದವು. ನಮ್ಮ ತಂದೆಯವರು ನಾನು ಚಿಕ್ಕವನಾಗಿದ್ದಾಗಲೂ ಟಾಟಾ ಲಾರಿಯನ್ನು “ಬೆಂಜ್ ಲಾರಿ” ಎಂದೇ ಕರೆಯುತ್ತಿದ್ದರು. ನಕ್ಷತ್ರ ಇಳಿದು ಆಗಲೇ ಇಪ್ಪತ್ತು ವರ್ಷದ ಹತ್ತಿರ ಬಂದಿತ್ತು. ಮಾತಿನಲ್ಲಿ ಹಳೆಯ ಹೆಸರು ಉಳಿದರೇನು? ಓಡುತ್ತಿದ್ದದ್ದು ನಮ್ಮವರು ಮಾಡಿದ ಲಾರಿ.

ಇಂದು ಹೊಸ ಬಂಡಿಯೊಂದನ್ನು ಮೊದಲಿನಿಂದ ರೂಪಿಸುವ ಖರ್ಚು ಹಿಂದೆಂದಿಗಿಂತ ಹೆಚ್ಚು. ಆದ್ದರಿಂದ ಎರವಿನ ವ್ಯಾಪಾರ ನಿಲ್ಲುವಂತಿಲ್ಲ. 2020ರಿಂದ ಮಾಜ್ದಾದ ಪಿಕಪ್ಪಿನ ಒಳಗಿರುವುದು ಇಸುಜು. 2022ರಿಂದ ಫೋಕ್ಸ್‌ವ್ಯಾಗನ್ನಿನ 'ಅಮರೋಕ್' ದಕ್ಷಿಣ ಆಫ್ರಿಕಾದ ಫೋರ್ಡ್ ಕಾರಖಾನೆಯಲ್ಲಿ ರೇಂಜರಿನ ತಳಹದಿಯ ಮೇಲೆ ತಯಾರಾಗುತ್ತದೆ. ನಮ್ಮ ಬಿಡದಿಯ ಟೊಯೋಟಾ ಕಾರಖಾನೆಯಲ್ಲಿಯೂ 2022ರಿಂದ ಟೊಯೋಟಾ ಹೆಸರಿನ ಕಾರೂ, ಅದರ ಜೋಡಿಯಾದ ಮಾರುತಿ ಸುಜುಕಿ ಹೆಸರಿನ ಕಾರೂ ಒಂದೇ ಸೂರಿನಡಿ ಹುಟ್ಟಿವೆ. ಇದನ್ನು ಮೋಸವೆಂದು ಜರೆಯುವುದು ಸುಲಭ, ಜಾಣತನವೆಂದು ಹೊಗಳುವುದೂ ಸುಲಭ. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಹೆಸರನ್ನು ಎರವು ಪಡೆದು ಕೈಯಿಂದ ದುಡಿದವನು ಒಂದು ದಿನ ಸ್ವಂತ ಹೆಸರು ಗಳಿಸಬಲ್ಲ. ಹಿರೋಶಿಮಾದವರೂ ಜಮ್‌ಷೆಡ್‌ಪುರದವರೂ ಅದಕ್ಕೆ ಸಾಕ್ಷಿ. ಕೈಯನ್ನೇ ಎರವು ಪಡೆದು ಹೆಸರಿನಿಂದ ಬದುಕುವವನು ಆ ಅವಧಿಯಲ್ಲಿ ಕಸುಬು ಕಲಿತನೆ, ಇದ್ದದ್ದನ್ನೂ ಮರೆತನೆ?

ಹಿಂದಿನ ಬೆಂಚಿನ ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಶ್ರೀವಿಜಯನಿಗೆ ನಷ್ಟ ಆಯ್ತಾ ಸರ್?” ಎಂದು ಕೇಳಿದ. ಹೆಸರಿನ ಮಟ್ಟಿಗೆ ಶತಮಾನಗಳ ನಷ್ಟವಾಯಿತು ಎಂದೆ. ಆದರೆ ಆ ಕೈ ಬರೆದದ್ದನ್ನು ನಾವು ಇಂದೂ ಓದುತ್ತಿದ್ದೇವೆ. ಮುದ್ರೆ ಯಾರದಾದರೂ ಮಾತು ಅವನದೇ ಎಂದು ಕೊನೆಗೆ ಗುರುತಿಸಿದವರೂ ಓದುಗರೇ. ಗ್ಯಾರೇಜಿನಲ್ಲಿ ಬಾನೆಟ್ಟು ಎತ್ತಿ ನೋಡುವ ಅವನ ಮಾವನೂ ಒಬ್ಬ ಒಳ್ಳೆಯ ಓದುಗನೇ ಎಂದು ನನಗೆ ತೋರಿತು.